ಪುಣೆಗೆ ಹೋದ ಕೌದಿ

ಗಜೇಂದ್ರಗಡ
ಶನಿವಾರ, ೧೨ ಜನವರಿ ೨೦೦೮

ಪ್ರೀತಿಯ ಖಾಜಾಬಿ,

ಮೊದಲು ನಿನ್ನ ಮೊಣಕಾಲಿನ ಸುದ್ದಿ ತಿಳಿಸು. ಕರ್ಪೂರದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಇದ್ದ ಎಣ್ಣೆಯನ್ನೆಲ್ಲ ಬಾಣಂತಿಗೂ ಕೂಸಿಗೂ ತಿಕ್ಕಿ ನಿನ್ನ ಕಾಲನ್ನು ಹಾಗೇ ಬಿಟ್ಟಿದ್ದೀಯೋ? ಇಷ್ರತಳ ಜ್ವರ ಇಳಿಯಿತೆಂದು ಅಳಿಯ ಹೇಳಿದ. ಕೂಸಿನ ಮೂಗು ನನ್ನದೇ ಅಂತೆ. ದೊಡ್ಡವನಾಗುವುದರೊಳಗೆ ಅದೊಂದು ಸುಧಾರಿಸಲಿ ಎಂದು ದುವಾ ಮಾಡುತ್ತಿದ್ದೇನೆ. ಇಲ್ಲಿ ನಾನೂ ರಫೀಕನೂ ಆರಾಮ ಇದ್ದೇವೆ. ಅನ್ನಕ್ಕೆ ಎಷ್ಟು ನೀರು ಹಾಕಬೇಕು ಎಂಬುದರಲ್ಲಿ ಮಾತ್ರ ತಂದೆ ಮಗನಿಗೆ ಇನ್ನೂ ಒಮ್ಮತವಾಗಿಲ್ಲ. ಅವನು ಮಾಡಿದ ದಿನ ಗಂಜಿ, ನಾನು ಮಾಡಿದ ದಿನ ಕಾಳು. ರೊಟ್ಟಿಯನ್ನು ಆಚೆ ಮನೆಯ ಸುಗರಾ ಕಳಿಸುತ್ತಾಳೆ. ಮದುವೆಯ ಕಾಲ ಹತ್ತಿರ ಬಂತಲ್ಲ, ನನಗೆ ಗಾದಿ ಹೊಲಿಯುವ ಕೆಲಸ ಬೇಕಾದಷ್ಟಿದೆ. ಅರಳೆಯ ಧೂಳಿಗೆ ಕೆಮ್ಮು ಬರುತ್ತದೆ. ಬೆಲ್ಲ ತಿನ್ನುತ್ತೇನೆ, ಹೋಗುತ್ತದೆ.

ಫೋನು ಇರುವಾಗ ಮುದುಕ ಪತ್ರ ಯಾಕೆ ಬರೆದ ಎಂದು ಕೇಳುತ್ತೀ. ಫೋನು ಇರುವುದು ಅಳಿಯನ ಅಂಗಡಿಯಲ್ಲಿ. ನೀನು ಅಲ್ಲಿ ನಿಂತು ಮಾತನಾಡಿದರೆ ಬೀಗರು, ಗಿರಾಕಿಗಳು, ಚಹಾ ತಂದವನು ಎಲ್ಲರೂ ಕಿವಿಗೊಡುತ್ತಾರೆ. ಇನ್ನೊಂದು ಖರೇ ಮಾತೆಂದರೆ, ನಿನ್ನ ಸಿಟ್ಟನ್ನು ಕಿವಿಯಲ್ಲಿ ಕೇಳುವ ಧೈರ್ಯ ನನಗಿಲ್ಲ. ಈ ಪತ್ರವನ್ನು ಇಷ್ರತಳಿಂದ ಓದಿಸಬೇಡ. ಹೊಳೆಮಣ್ಣೂರ ಸಾಲಿಯಲ್ಲಿ ನಾಲ್ಕನೆಯ ಇಯತ್ತೆ ಪಾಸಾದವಳು ನೀನು. ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ, ಸಾವಕಾಶವಾಗಿ ನೀನೇ ಓದು.

ಮುಶಿಗೇರಿಯಲ್ಲಿ ನಮ್ಮ ಅಜ್ಜ ಕಥೆ ಹೇಳುವಾಗ, ಏನು ಕಳೆಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತಿದ್ದ. ಹೇಗೆ ಕಳೆಯಿತು ಎಂದು ಕೇಳಲು ಜನ ಊಟ ಬಿಟ್ಟು ಕೂರುತ್ತಿದ್ದರು. ನಾನೂ ಹಾಗೇ ಹೇಳುತ್ತೇನೆ. ನಿನ್ನವ್ವನ ನಾಲ್ಕು ಸೀರೆ ಸೇರಿಸಿ ನೀನು ಹೊಲಿದ ಕೌದಿ ಈಗ ನಮ್ಮ ಮನೆಯಲ್ಲಿಲ್ಲ. ಕಳುವಾಗಿಲ್ಲ, ಸುಟ್ಟಿಲ್ಲ, ಇಲಿ ಕಡಿದಿಲ್ಲ. ಪುಣೆಯಲ್ಲಿದೆ. ನಾನೇ ಕಳಿಸಿದೆ. ಕುಳಿತುಕೊಂಡು ಮುಂದಿನದನ್ನು ಓದು.

ನೀನು ಸೊಲ್ಲಾಪುರದ ಬಸ್ಸು ಹತ್ತಿದ್ದು ಬಕ್ರೀದ್ ಮುಗಿದ ಮರುದಿನ. ಹತ್ತುವ ಮುಂಚೆ, "ಥಂಡಿ ಭಾಳ ಐತ್ರಿ, ನನ್ನ ಕೌದಿ ನೀವ ಹೊಚ್ಗೋರಿ, ಅಲ್ಲಿ ಅವರ ಮನ್ಯಾಗ ಇರತಾವು" ಎಂದು ಅದನ್ನು ನನ್ನ ಹಾಸಿಗೆಯ ಮೇಲೆ ಇಟ್ಟು ಹೋದೆ. ಅದೇ ವಾರ, ರಫೀಕ ಕಂಪ್ಯೂಟರಿನಲ್ಲಿ, ಆ ಮಾರಾಟದ ಕಂಪನಿಯ ಪುಟದಲ್ಲಿ ಹಾಕಿದ್ದ ಕೌದಿಯೊಂದಕ್ಕೆ ಪುಣೆಯಿಂದ ಗಿರಾಕಿ ಬಂತು. ಸುಗರಾ ಹೊಲಿದ ಕೆಂಪು ಹಸಿರಿನದು, ನೀನೂ ನೋಡಿದ್ದೀ. ಬಸ್ ಸ್ಟ್ಯಾಂಡಿನ ಎದುರಿನ ಆ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಅವನು ಈ ಒಂದೂವರೆ ವರ್ಷದಲ್ಲಿ ಹತ್ತೊಂಬತ್ತು ಕೌದಿ ಮಾರಿದ್ದಾನೆ. ಒಬ್ಬರೂ ತಕರಾರು ಮಾಡಿರಲಿಲ್ಲ. ಕೊಂಡವರೆಲ್ಲ ಅವನ ಹೆಸರಿನ ಮುಂದೆ ಮೆಚ್ಚುಗೆಯ ಚುಕ್ಕಿ ಕೊಟ್ಟಿದ್ದರು, ಅದನ್ನು ನನಗೆ ದಿನಕ್ಕೆರಡು ಸಲ ತೋರಿಸುತ್ತಿದ್ದ.

ಇನ್ನು ನಿನ್ನ ಪದ್ಧತಿ. ಯಾವ ಕೌದಿಯೂ ನಮ್ಮ ಹೊಸ್ತಿಲು ದಾಟುವ ಮುಂಚೆ ಮನೆಯವರೊಬ್ಬರು ಒಂದು ರಾತ್ರಿ ಹೊದ್ದು ಮಲಗಬೇಕು. "ಮೈ ಕಾಣದ ಕೌದಿ ಮಂದಿಗಿ ಕೊಡಬಾರದು, ಥಣ್ಣಗ ಹೋಗತೈತಿ" ಎಂದು ನೀನು ಹೇಳುವುದು. ನೀನಿರಲಿಲ್ಲ, ರಫೀಕ ಇಂಥದ್ದಕ್ಕೆ ನಗುತ್ತಾನೆ, ಅದಕ್ಕೆ ನಾನೇ ಆ ಕೆಲಸ ವಹಿಸಿಕೊಂಡೆ. ಚಳಿ ಇತ್ತು. ನಿನ್ನದನ್ನು ಮೈಗೆ ಹೊದ್ದು, ಅದರ ಮೇಲೆ ಸುಗರಾಳದನ್ನು ಎಳೆದುಕೊಂಡೆ. ಬೆಳಿಗ್ಗೆ ಎದ್ದು ಎರಡನ್ನೂ ಮಡಿಚಿ ಟ್ರಂಕಿನ ಮೇಲೆ ಇಟ್ಟೆ. ಎರಡಕ್ಕೂ ಬೆನ್ನಿಗೆ ಅದೇ ಬಿಳಿ ಮಂಜರಪಾಟು ಬಟ್ಟೆ. ನಾನು ಬೆನ್ನು ಹೊರಗೆ ಬರುವಂತೆ ಮಡಿಚುತ್ತೇನೆ, ಧೂಳು ಕೂರದಿರಲಿ ಎಂದು. ರಫೀಕ ಒಂದೇ ಉಸಿರಿನಲ್ಲಿ ಬಂದ. "ಅಬ್ಬಾ, ಕೊರಿಯರ್ ಗಾಡಿ ನಿಂತೈತಿ, ಯಾವುದು?" ಎಂದ. "ಮ್ಯಾಲಿಂದು ತಗೊ" ಎಂದೆ. ಅವನು ತೆಗೆದುಕೊಂಡ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ, ಓಡಿದ. ರಾತ್ರಿ ಮೇಲಿದ್ದದ್ದು ಮಡಿಚಿಟ್ಟಾಗ ಕೆಳಗಾಗಿತ್ತು, ಅದು ನನಗೆ ಹೊಳೆಯಲಿಲ್ಲ. ಇಷ್ಟೇ ನಡೆದದ್ದು. ಎರಡು ಶಬ್ದದಲ್ಲಿ ನಿನ್ನವ್ವ ನಾಲ್ಕು ಸೀರೆ ಸಹಿತ ಪುಣೆಗೆ ಹೊರಟುಹೋದಳು.

ಹೊಸ ವರ್ಷದ ದಿನ ರಫೀಕ ಮುಖ ಕೆಂಪಗೆ ಮಾಡಿಕೊಂಡು ಮನೆಗೆ ಬಂದ. ಕೊಂಡವಳು ವಸುಧಾ ಎಂಬ ಹೆಣ್ಣುಮಗಳು. ಬಂದ ಮಾಲು ಬರೆದಂತೆ ಇಲ್ಲ ಎಂದು ಅವಳು ಆ ಕಂಪನಿಯ ಪುಟದಲ್ಲಿ ದೂರು ಹಾಕಿದ್ದಳು. ಫೋಟೋದಲ್ಲಿ ಕೆಂಪು ಹಸಿರು, ಬಂದದ್ದು ಮಾಸಿದ ನೀಲಿ. ಹೊಸದು ಎಂದು ಬರೆದಿದ್ದಾರೆ, ಇದು ಯಾರೋ ಹೊದ್ದದ್ದು. ಒಂದು ಮೂಲೆಯಲ್ಲಿ ಹರಿದು ಮತ್ತೆ ಹೊಲಿದಿದ್ದಾರೆ. ಲವಂಗದ ವಾಸನೆ ಇದೆ. ಇಷ್ಟು ಓದಿ ನಮ್ಮ ರಫೀಕ ಏನು ಮಾಡಿದ ಗೊತ್ತೇ? "ಕೈಕೆಲಸದಲ್ಲಿ ಬಣ್ಣದ ಸಣ್ಣ ವ್ಯತ್ಯಾಸ ಸಹಜ" ಎಂದು ಉತ್ತರ ಬರೆದುಬಿಟ್ಟ! ಕೆಂಪಿಗೂ ನೀಲಿಗೂ ಸಣ್ಣ ವ್ಯತ್ಯಾಸ. ಸುದ್ದಿ ಸುಗರಾಳ ಕಿವಿಗೆ ಬಿತ್ತು. ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. "ನನ್ನ ಹೊಲಿಗಿಗಿ ಹೆಸರ ಇಡಾಕ ಆಕಿ ಯಾರಂತ? ಹರದು ಹೊಲದದ್ದಂತ! ಬರ್ಕೋ ರಫೀಕ, ಸೂಜಿ ಹಿಡಿಯಾಕ ಬರತೈತೇನು ಕೇಳು ಆಕಿಗಿ" ಎಂದಳು. ರಫೀಕ ಅದನ್ನೂ ಸ್ವಲ್ಪ ನಯ ಮಾಡಿ ಬರೆದ. ಆ ಹೆಣ್ಣುಮಗಳು ವಾದ ಮಾಡಲಿಲ್ಲ. ಮೂರನೆಯ ದಿನ ಒಂದು ಫೋಟೋ ಹಾಕಿದಳು.

ಅದನ್ನು ನೋಡಲು ನಾನೂ ಹೋದೆ, ಮಗನ ಪರವಾಗಿ ಸಾಕ್ಷಿ ನುಡಿಯಲೆಂದು. ಕಂಪ್ಯೂಟರಿನ ಗಾಜಿನ ಮೇಲೆ ಚಿತ್ರ ಮೇಲಿನಿಂದ ಕೆಳಕ್ಕೆ ಸ್ವಲ್ಪ ಸ್ವಲ್ಪವೇ ಇಳಿಯಿತು. ಮೊದಲು ಯಾರದೋ ಮನೆಯ ಹೊಳೆಯುವ ನೆಲ, ಆಮೇಲೆ ನೀಲಿ ಸೀರೆಯ ಬಿಳಿ ಚುಕ್ಕಿಯ ಅಂಚು. ಹೊಳೆ ಬಂದ ವರ್ಷ ಹೊಳೆಮಣ್ಣೂರಿನ ಮನೆಗೆ ನೀರು ಹೊಕ್ಕಾಗ ನಿನ್ನವ್ವ ತಲೆಯ ಮೇಲೆ ಹೊತ್ತು ತಂದ ಗಂಟಿನಲ್ಲಿ ಇದ್ದದ್ದು ಆ ನಾಲ್ಕು ಸೀರೆ. ಮನೆ ಕುಸಿಯಿತು, ಪಾತ್ರೆ, ಕಾಳು, ನಿನ್ನ ಅಪ್ಪನ ಫೋಟೋ ಎಲ್ಲ ನೀರಿನ ಪಾಲಾಯಿತು. ಮರುವರ್ಷ ಅವಳೂ ಹೋದಳು. ನೀನು ರಮಜಾನ್ ಇಡೀ ತಿಂಗಳು ಕೂತು ಆ ಸೀರೆಗಳ ಕೌದಿ ಹೊಲಿದದ್ದು ನನಗೆ ಗೊತ್ತಿಲ್ಲವೇ? "ರಫೀಕ, ಆಕಿ ಹೇಳೂದು ಖರೇ ಐತಿ" ಎಂದೆ. ಅವನು ಚಿತ್ರವನ್ನು ಇನ್ನೊಮ್ಮೆ ನೋಡಿದ, ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಮನೆಗೆ ಬಂದು ನನ್ನ ಹಾಸಿಗೆಯ ಮೇಲಿದ್ದದ್ದನ್ನು ಬಿಸಿಲಿಗೆ ಎಳೆದೆವು. ಸುಗರಾ ಒಂದು ಸಲ ಕೈಯಾಡಿಸಿದಳು, ಅಷ್ಟೇ. "ಅಯ್ಯ ಮಾವಾ, ಇದು ನನ್ನ ಕೌದಿ! ಹತ್ತ ದಿನದಿಂದ ಮಾಲ ಹೊಚ್ಗೊಂಡು ಮಲಗೀರಲ್ರಿ!" ಎಂದು ನಗಲು ಶುರುಮಾಡಿದವಳು, ಪುಣೆಗೆ ಹೋದದ್ದು ಯಾವುದೆಂದು ಹೊಳೆದ ಕೂಡಲೇ ಸೆರಗು ಬಾಯಿಗೆ ಒತ್ತಿಕೊಂಡಳು. ನಿನಗೆ ಆಶ್ಚರ್ಯವಾಗುತ್ತದೆ, ಹತ್ತು ದಿನ ನನಗೆ ಹೇಗೆ ತಿಳಿಯಲಿಲ್ಲ ಎಂದು. ಬಲಗಣ್ಣಿನ ಪೊರೆ ಒಂದು ಕಾರಣ. ಮೈಗೆ ಸ್ವಲ್ಪ ಬಿರುಸಾಗಿ ಹತ್ತುತ್ತಿತ್ತು, ಅದು ಖರೇ. ನೀನು ಊರಲ್ಲಿಲ್ಲ, ಎಲ್ಲವೂ ಬಿರುಸಾಗಿಯೇ ಇರುತ್ತದೆ ಎಂದುಕೊಂಡೆ.

ಇಲ್ಲಿಂದ ಕಥೆ ತಲೆಕೆಳಗಾಗುತ್ತದೆ. ಮಾರುವವರು ಮಾಲು ವಾಪಸ್ ಬಾರದಿರಲಿ ಎಂದು ಬೇಡಿಕೊಳ್ಳುತ್ತಾರೆ. ನಾವು ಬರಲಿ ಎಂದು ಬೇಡಿಕೊಂಡೆವು. ತಪ್ಪು ನಮ್ಮದು, ದಯಮಾಡಿ ತಿರುಗಿ ಕಳಿಸಿರಿ, ಖರ್ಚು ನಮ್ಮದು, ನೀವು ಆರಿಸಿದ ಕೌದಿಯನ್ನೂ ಕಳಿಸುತ್ತೇವೆ ಎಂದು ರಫೀಕ ಬರೆದ. ಆದರೆ ಅಷ್ಟರೊಳಗೆ ಅವಳು ಆ ಪುಟದಲ್ಲಿ ಇನ್ನೊಂದು ಗುಂಡಿ ಒತ್ತಿದ್ದಳು. ದರ ಸ್ವಲ್ಪ ಇಳಿಸಿದರೆ ಸಾಕು, ಮಾಲು ನನ್ನ ಹತ್ತಿರವೇ ಇರಲಿ ಎಂಬ ಗುಂಡಿ. ಇಪ್ಪತ್ತನೆಯ ತಾರೀಖಿನ ತನಕ ಯಾರೂ ಬೇರೆ ಹೇಳದಿದ್ದರೆ ಅದೇ ಖಾಯಂ, ತಕರಾರು ಮುಗಿದಂತೆ. ಹಳೆಯದು, ಹರಿದದ್ದು ಎಂದು ಬೈದವಳಿಗೆ ಈಗ ಅದೇ ಯಾಕೆ ಬೇಕು? ಪಾರ್ಸಲ್ಲಿನ ಚೀಟಿಯಲ್ಲಿ ಅವರ ನಂಬರಿತ್ತು. ನಿನ್ನೆ ಫೋನು ಹಚ್ಚಿಸಿದೆ.

ವಸುಧಾ ಒಳ್ಳೆಯ ಹೆಣ್ಣುಮಗಳು. "ನನಗೇನೂ ಹಟ ಇಲ್ರಿ, ಆದ್ರ ನಮ್ಮತ್ತಿ ಕೈಬಿಡವಲ್ರು. ಅವರ ಸಲುವಾಗೇ ತರಿಸಿದ್ದು. ನೀವ ಮಾತಾಡ್ರಿ" ಎಂದು ಫೋನು ಒಳಗೆ ಒಯ್ದಳು. ಅತ್ತೆಯ ಹೆಸರು ಭಾಗೀರಥಿಬಾಯಿ. ಅಪ್ಪಟ ನರಗುಂದದವರು. ಊರು ಬಿಟ್ಟು ನಲವತ್ತು ವರ್ಷ, ವಯಸ್ಸು ಎಂಬತ್ತೆರಡು, ದನಿ ಮಾತ್ರ ಇವತ್ತಿಗೂ ಸಂತೆಯ ಗದ್ದಲದಲ್ಲಿ ಕೇಳುವಂಥದ್ದು. "ಏನ್ರಿ ಸಾಬ್ರ, ನಮ್ಮ ಕಡೀ ಮಂದಿ ಆಗಿ ಹಳೇ ಕೌದಿ ಹೊಸದಂತ ಮಾರ್ಲಿಕ್ಕೆ ಹತ್ತೀರಿ?" ಎಂದು ಶುರುಮಾಡಿದರು. ನಾನು ಕ್ಷಮೆ ಕೇಳಿದೆ. "ಇರಲಿ ಬಿಡ್ರಿ. ಸೊಸಿ ಬೈದು ಬರದ್ಲು, ಆಕಿಗೇನ ಗೊತ್ತು? ನಂಗ ಮುಟ್ಟಿದ ಕೂಡಲೇ ತಿಳೀತು, ಇದು ಮಾರೋ ಕೌದಿ ಅಲ್ಲ ಅಂತ. ಈ ಊರಿನ ರಜಾಯಿ ಹೊದ್ದರ ಎದಿ ಮ್ಯಾಲೆ ಯಾರೋ ಕೂತಂಗ ಆಗ್ತದ. ಇದನ್ನ ಹೊದ್ದ ಮ್ಯಾಲೆ ಮೂರು ದಿನಕ್ಕ ನಿದ್ದಿ ಹತ್ತಿತು ನೋಡ್ರಿ. ಎರಡು ವರ್ಷದಿಂದ ಇರಲಾರದ ನಿದ್ದಿ" ಎಂದರು. ಹಾಗಾದರೆ ಇದು ಯಾರದು ಎಂದು ಅವರೇ ಕೇಳಿದರು. ನಾನು ಹೊಳೆಯ ಸುದ್ದಿ, ಗಂಟಿನ ಸುದ್ದಿ, ನಿನ್ನ ಸುದ್ದಿ ಎಲ್ಲ ಹೇಳಿದೆ. ಅವರು, "ಹೊಳೆಮಣ್ಣೂರೇನು? ನಮ್ಮ ತಂಗೀನ ಅಲ್ಲೇ ಹತ್ತರ ಕೊಟ್ಟಿತ್ತು" ಎಂದಷ್ಟೇ ಹೇಳಿ, ಮೂಗೆಳೆದುಕೊಂಡರು.

ಇಷ್ಟು ನಡೆದಿದೆ. ನಾನು ಯಾವುದನ್ನೂ ದೊಡ್ಡದು ಮಾಡಿ ಬರೆದಿಲ್ಲ, ಸಣ್ಣದೂ ಮಾಡಿಲ್ಲ. ಕಂಪನಿಯವರಿಗೆ ರಫೀಕ ತಪ್ಪು ಒಪ್ಪಿ ಬರೆದಿದ್ದಾನೆ. ಅವನ ಚುಕ್ಕಿ ಒಂದು ಹೋಗುತ್ತದಂತೆ, ಹೋಗಲಿ. ಅವನು ನಿನ್ನ ಎದುರು ನಿಲ್ಲುವುದು ಹೇಗೆ ಎಂದು ಎರಡು ದಿನದಿಂದ ಊಟ ಸರಿಯಾಗಿ ಮಾಡಿಲ್ಲ. ಅವನಿಗೆ ಬೈಯಬೇಡ. ಮೇಲಿನದನ್ನು ತೆಗೆದುಕೋ ಎಂದವನು ನಾನು.

ಇಷ್ರತಳಿಗೆ ನನ್ನ ಆಶೀರ್ವಾದ. ಹೊಸಬನ ಹಣೆಗೆ ನನ್ನ ಪರವಾಗಿ ಒಂದು ಮುತ್ತು, ಗಡ್ಡ ಚುಚ್ಚದ ಮುತ್ತು, ಅದಕ್ಕೆ ನೀನೇ ಕೊಡು. ಅಳಿಯನಿಗೂ ಬೀಗರಿಗೂ ಸಲಾಮು ಹೇಳು. ಬೀಗತಿಯ ಸೊಂಟಕ್ಕೆ ಕಾಸಿದ ಉಸುಕಿನ ಶಾಖ ಕೊಡಲಿ. ಅಲ್ಲಾಹ ನಿಮ್ಮೆಲ್ಲರನ್ನೂ ಬೆಚ್ಚಗಿಟ್ಟಿರಲಿ.

ನಿನ್ನ
ಇಸ್ಮಾಯಿಲಸಾಬ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಒಂದು ಮಾತು ಬರೆಯದೆ ಬಿಟ್ಟಿದ್ದೆ. ಆ ಮುದುಕಿ ಮೂಗೆಳೆದುಕೊಂಡದ್ದು ಕೇಳಿ ನನ್ನ ಬಾಯಿಂದ, "ಇರಲಿ ಬಿಡ್ರಿ ಬಾಯಾರ, ಕೌದಿ ನಿಮ್ಮ ಹತ್ರಾನ ಇರಲಿ" ಎಂದು ಬಂದುಬಿಟ್ಟಿತು. ಅದಕ್ಕೆ ಅವರು ನನ್ನನ್ನು ಬೈದರು. "ಒಮ್ಮೆ ಆಕಿನ್ನ ಕೇಳದ ಮಾರಿದ್ರಿ, ಈಗ ಕೇಳದ ದಾನಾ ಮಾಡ್ಲಿಕ್ಕೆ ಹತ್ತೀರಿ? ನೀವ್ಯಾರ್ರಿ ಕೊಡ್ಲಿಕ್ಕೆ? ಆಕಿ ಬೇಕಂದ್ರ ಅವತ್ತೇ ಕಳಸ್ತೀನಿ, ಇರಲಿ ಅಂದ್ರ ಹೊದ್ಕೋತೀನಿ. ಆದ್ರ ಆಕಿ ಬಾಯಿಲೆ ಕೇಳಬೇಕು ನಾನು" ಎಂದರು. ಅವರ ನಂಬರನ್ನು ರಫೀಕ ಈ ಹಾಳೆಯ ಹಿಂದೆ ಬರೆದಿದ್ದಾನೆ. ದಿನಾ ಮುಂಜಾನೆ ಹತ್ತರ ಮೇಲೆ ಫೋನಿನ ಹತ್ತಿರವೇ ಕೂತಿರುತ್ತಾರಂತೆ. ಅಳಿಯನ ಅಂಗಡಿ ಬೇಡ, ಬೀದಿಯ ಎಸ್‌ಟಿಡಿಗೆ ಹೋಗು, ಬಾಗಿಲು ಹಾಕಿಕೊಂಡು ಮಾತನಾಡು. ಇಪ್ಪತ್ತರೊಳಗೆ. ನೀನು ಏನೇ ಹೇಳಿದರೂ ಸುಗರಾಳ ಕೌದಿ ಅವರಿಗೆ ಮುಟ್ಟುತ್ತದೆ, ಇವತ್ತೇ ಹೊರಟಿದೆ. ಆದ್ದರಿಂದ ಮುದುಕಿಗೆ ಚಳಿಯಾದೀತು ಎಂದು ಅಂಜಿ ಇರಲಿ ಎನ್ನಬೇಡ, ನನಗೆ ಕೆಟ್ಟದೆನಿಸೀತು ಎಂದೂ ಹಾಗೆ ಹೇಳಬೇಡ. ಏನು ಹೇಳಬೇಕೆಂದು ನಾನು ಬರೆಯುವುದಿಲ್ಲ. ಕೌದಿ ನಿನ್ನದು.