ಬೆಳಗಿನ ಕೈ, ಸಂಜೆಯ ಮಂಡಿ

ಅತ್ತೆ,

ಈಗಲಾದರೂ ನಡುವೆ ಬಾಯಿ ಹಾಕದೆ ಕೇಳುತ್ತೀರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇವತ್ತು ನಿಮ್ಮ ವರ್ಷದ ತಿಥಿ. ನೆಂಟರೆಲ್ಲ ಉಂಡು ಮಧ್ಯಾಹ್ನದ ಬಸ್ಸಿಗೆ ಹೋದರು. ಪಾತ್ರೆ ಹಾಗೇ ಬಿದ್ದಿವೆ, ನನಗೆ ಏಳಲು ಆಗುತ್ತಿಲ್ಲ.

ಬೆಳಗ್ಗೆ ಒಲೆ ಮುಂದೆ ಮುದ್ದೆ ಕೋಲು ಹಿಡಿಯಲಾರದೆ ನಿಂತಿರುತ್ತಿದ್ದೆನಲ್ಲ, ನೆನಪಿದೆಯಾ? ಎರಡೂ ಕೈಯ ಬೆರಳು ಊದಿಕೊಂಡು, ಮಡಚಲು ಬಾರದೆ, ಮೈಯೆಲ್ಲ ಜ್ವರ ಬಿಟ್ಟ ಮಾರನೇ ದಿನದ ಹಾಗೆ. ನೀವು ಕೋಲು ಕಿತ್ತುಕೊಂಡು ತೊಳಸುತ್ತಾ, "ಕೆಲಸಕ್ಕೆ ಕರೀಬ್ಯಾಡಿ, ಊಟಕ್ಕೆ ಮರೀಬ್ಯಾಡಿ ಅನ್ನೋಳ್ನ ತಂದ್ಕಂಡ್ಬುಟ್ವಿ" ಅನ್ನುತ್ತಿದ್ದಿರಿ. ನಿಮಗೂ ಮಂಡಿನೋವಿತ್ತು. ಆದರೆ ಮಲಗೆದ್ದರೆ ನಿಮ್ಮ ಮಂಡಿ ಹಗುರ. ಹಿತ್ತಿಲಿಗೆ ಹೋಗಿ ಬರುವಷ್ಟರಲ್ಲಿ ಬಿಗಿತ ಬಿಟ್ಟಿರುತ್ತಿತ್ತು. ಹೊಲ ಸುತ್ತಿ ಬಂದ ಸಂಜೆಗೆ ಕಾಡುತ್ತಿತ್ತು. ನಿಮ್ಮ ನೋವಿನಿಂದ ನನ್ನದನ್ನು ಅಳೆದಿರಿ. ರಾತ್ರಿಯಿಡೀ ಮಲಗೆದ್ದವಳಿಗೆ ನೋವೆಂದರೆ ಸೋಮಾರಿತನವಲ್ಲದೆ ಇನ್ನೇನು?

ಬೀಗದ ಕೈ ನನ್ನ ಸೆರಗಿನಲ್ಲೇ ಹೋಯಿತೆಂದು ಒಂದು ದಿನ ನಮ್ಮೂರು ಕೂಟಗಲ್ಲಿನಿಂದ ರಾಮನಗರಕ್ಕೆ, ನಾನು ರೇಷ್ಮೆ ನೂಲು ಬಿಚ್ಚುವ ಫಿಲೇಚರಿಗೇ ಬಂದಿರಿ. ಹೊತ್ತೇರಿತ್ತು. ಬಿಸಿನೀರಿನ ಬೇಸಿನ್ನಿನಲ್ಲಿ ಕೈ ಅದ್ದಿ ಗೂಡಿನ ಎಳೆ ಹುಡುಕಿ ಹುಡುಕಿ ನನ್ನ ಬೆರಳು ಸಡಿಲವಾಗಿದ್ದವು. "ಮನೇಲಿ ಬಗ್ಗದ ಕೈ ಇಲ್ಲೆಂಗವ್ವ ಬಗ್ತವೆ? ಸಂಬಳ ಕಂಡ್ರೆ ನೋವು ಓಡೋಯ್ತದಾ?" ಅಂದಿರಿ. ಪಕ್ಕದ ಬೇಸಿನ್ನಿನ ಫರೀದಕ್ಕ ತಲೆ ತಗ್ಗಿಸಿದಳು. ಬಿಸಿನೀರಿಗೆ ಬಿಗಿತ ಬಿಡುತ್ತಿತ್ತು, ಒಳಗಿನ ರೋಗ ಅಲ್ಲೇ ಇತ್ತು. ಅದು ನನಗಾದರೂ ಎಲ್ಲಿ ಗೊತ್ತಿತ್ತು?

ಹಾಗಂತ ನೀವು ಕಲ್ಲುಮನಸ್ಸಿನವರಲ್ಲ. ಸಂಜೆ ಮಂಡಿಗೆ ಎಣ್ಣೆ ತಿಕ್ಕಿ ಉಪ್ಪಿನ ಶಾಖ ಕೊಟ್ಟುಕೊಳ್ಳುವಾಗ, ಮುಖ ಆ ಕಡೆ ತಿರುಗಿಸಿಕೊಂಡೇ, "ಒಸಿ ಕೈ ಕೊಡು ಇಲ್ಲಿ" ಅನ್ನುತ್ತಿದ್ದಿರಿ. ಇಬ್ಬರಿಗೂ ಒಂದೇ ಎಣ್ಣೆ, ಒಂದೇ ಉಪ್ಪಿನ ಗಂಟು. ಎರಡೂ ಕೀಲುನೋವೇ ತಾನೆ ಅಂದುಕೊಂಡು...

ನೀವು ಹೋದ ಮೇಲೆ ಬೆರಳು ಓರೆಯಾಗತೊಡಗಿದವು. ಆಸ್ಪತ್ರೆಯಲ್ಲಿ ರಕ್ತ ನೋಡಿ, ಗೆಣ್ಣು ಒತ್ತಿ ನೋಡಿ, ನಿಮ್ಮ ಮಂಡಿಯ ವಿಷಯವನ್ನೂ ನನ್ನಿಂದ ಕೇಳಿ, ಡಾಕ್ಟರಮ್ಮ ಬಿಡಿಸಿ ಹೇಳಿದರು. ನಿಮ್ಮದು ಸವೆತವಂತೆ. ಕೀಲಿನ ಮೆತ್ತೆ ಸವೆದು ಬರುವುದು. ನಡೆದಷ್ಟೂ ನೋವು, ಕೂತರೆ ಆರಾಮ. ನನ್ನದು ರುಮಟಾಯ್ಡ್ ಅಂತ ಬೇರೆಯೇ. ರೋಗ ತಡೆಯಬೇಕಾದ ಶಕ್ತಿಯೇ ತಿರುಗಿಬಿದ್ದು ಕೀಲಿನೊಳಗೆ ಊತ ಎಬ್ಬಿಸುತ್ತದಂತೆ. ಮಲಗೆದ್ದಾಗ ಹೆಚ್ಚು, ಕೈಯಾಡಿಸಿದರೆ ಕಡಿಮೆ. "ಹಂಗಾರೆ ಇದು ಸೋಮಾರಿತನ ಅಲ್ವಾ ಮೇಡಮ್?" ಅಂದೆ. ಯಾಕೆ ಕೇಳುತ್ತಿದ್ದೇನೆಂದು ಅವರಿಗೆ ತಿಳಿಯಲಿಲ್ಲ, ಆದರೂ "ಅಲ್ಲವೇ ಅಲ್ಲಮ್ಮ" ಅಂದರು. ಹೊರಗೆ ಬೆಂಚಿನ ಮೇಲೆ ಕೂತು ತುಂಬಾ ಹೊತ್ತು ಕಣ್ಣೀರು ಹಾಕಿದೆ. ಆ ಮಾತು ನೀವು ಕೇಳಬೇಕಿತ್ತು. ಮಾತ್ರೆ ನಡೆಯುತ್ತಿದೆ. ಓರೆಯಾದ ಬೆರಳು ಮತ್ತೆ ನೆಟ್ಟಗಾಗುವುದಿಲ್ಲವಂತೆ, ಮಿಕ್ಕವು ಉಳಿಯಬಹುದು.

ಇವತ್ತು ಪಂಕ್ತಿಯಲ್ಲಿ ನಿಮ್ಮ ಮಗಳು ಶಾರದ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಎತ್ತಿದಳು. ಒಳಗೆ ಕರೆದು ಕೇಳಿದೆ. "ಬೆಳಗ್ಗೊತ್ತು ಬಟ್ಟೆ ಹಿಂಡಕಾಗಲ್ಲ ಅತ್ಗೆ. ಹೊತ್ತೇರಿದ್ರೆ ಸರಿಹೋಯ್ತದೆ. ನಮ್ಮತ್ತೆ ನಾಟಕ ಅಂತಾರೆ."

ನಿಮ್ಮ ಮಗಳ ಬೆರಳು ಇನ್ನೂ ನೆಟ್ಟಗಿವೆ ಅತ್ತೆ. ಸೋಮವಾರ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದೊಯ್ಯುತ್ತೇನೆ. ಅದಕ್ಕೂ ಮುಂಚೆ, ನಾಳೆಯೇ ಮಾಗಡಿಗೆ, ಅವಳ ಗಂಡನ ಮನೆಗೆ ಹೋಗುತ್ತೇನೆ. ಮೊದಲ ಬಸ್ಸಿಗೆ ನನ್ನ ಕೈ ಏಳುವುದಿಲ್ಲ, ಎರಡನೆಯದಕ್ಕೆ. ಅವಳ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು, ನಿಮಗೆ ಹೇಳಲಾಗದೆ ಹೋದದ್ದನ್ನೆಲ್ಲ ಹೇಳುತ್ತೇನೆ.

ನಿಮ್ಮ ಸೊಸೆ,
ಗೌರಿ