ತಾಟಿನ ಮೇಲಿನ ಹೆಸರು

ಪುಣೆ, ೧೪ ಮೇ ೧೯೩೬

ಚಿ. ಸೌ. ತುಂಗಾಳಿಗೆ ಆಶೀರ್ವಾದ.

ಮದುವೆಯಲ್ಲಿ ನಾನಿಟ್ಟ ಹೆಸರು ಬಿಟ್ಟು ನಿನ್ನ ತವರಿನ ಹೆಸರಿನಿಂದ ಕರೆದಿದ್ದೇನೆ. ಇನ್ನು ಮುಂದೆ ನೀನೂ ಹಾಗೆಯೇ ಸಹಿ ಮಾಡು.

ಕ್ಷಯರೋಗಿಗಳ ತಿಳಿವಳಿಕೆಗಾಗಿ ನಾನು ಮರಾಠಿಯಿಂದ ಕನ್ನಡಕ್ಕೆ ತಂದ ಪುಸ್ತಕ ಅಚ್ಚಾಗಿದೆ; ಒಂದು ಪ್ರತಿ ಕಳಿಸಿದ್ದೇನೆ. ನಿನ್ನ ಜೊತೆ ಆಸ್ಪತ್ರೆಯಲ್ಲಿರುವ ಕನ್ನಡಿಗ ರೋಗಿಗಳಿಗೆ ಓದಿ ಹೇಳು. ರೋಗಿಗೆ ಹೇಸಬಾರದೆಂಬ ಸಾಲನ್ನು ಅವ್ವನಿಗೂ ಓದಿದೆ. "ಪುಸ್ತಕದಾಗ ಇರ್ಲಿ ಬಿಡಪಾ, ಚಂದ ಕಾಣ್ತದ" ಅಂದಳು.

ರೋಗಿಯ ಪಾತ್ರೆ ಬೇರೆ ಇರಬೇಕೆಂದೂ ಅದರಲ್ಲಿದೆ. ಅದರಂತೆ ನಿನ್ನ ತಾಟು, ತಂಬಿಗೆ ಕಳಿಸಿದ್ದೇನೆ. ಅವುಗಳ ಮೇಲೆ ಕೊರೆಸಿದ, ನಿನಗೆ ನಾನಿಟ್ಟಿದ್ದ 'ಇಂದೂ' ಎಂಬ ಹೆಸರನ್ನು ಅಲ್ಲಿಯೇ ಉಜ್ಜಿಸಿ ಅಳಿಸು. ಅಕ್ಷಯ ತದಿಗೆಯಂದು ನಾನು ಮದುವೆಯಾದ ಹುಡುಗಿಗೆ ಅದೇ ಹೆಸರು ಇಟ್ಟಿದ್ದೇವೆ. ಮನೆಯ ಉಳಿದ ಪಾತ್ರೆಗಳ ಮೇಲಿನ ಹೆಸರು ಹಾಗೆಯೇ ನಡೆಯುತ್ತದೆ.

ನಿನ್ನ ಆರೋಗ್ಯ ಬಯಸುವ,
ಮಧುಕರ