ಬುತ್ತಿಯಿಲ್ಲದೆ ಹೊರಟ ಬೀಜ

ಬುಧವಾರ, ಬೆಳಿಗ್ಗೆ

ನನ್ನ ಕುಳ್ಳಿಗೆ ಅಮ್ಮನ ಆಶೀರ್ವಾದ.

ಬರುವ ಸೋಮವಾರ ಸಂಶೋಧನೆ ಬಿಡುವ ಅರ್ಜಿ ಕೊಡುತ್ತೇನೆ ಎಂದು ಬರೆದಿದ್ದೀಯ. ಕೊಡುವ ಮೊದಲು ಇದನ್ನು ಕೊನೆಯವರೆಗೆ ಓದು. ನಾನು ನಿನಗೊಂದು ಸುಳ್ಳು ಹೇಳಿದ್ದೇನೆ. ದೇವರ ಮುಂದೆ ಒಪ್ಪಿಕೊಂಡಾಯಿತು, ಇನ್ನು ನಿನ್ನ ಮುಂದೆ.

ಮೂರು ತಿಂಗಳ ಹಿಂದೆ ಬಂದಾಗ ನೀನು ಎರಡು ಪೊಟ್ಟಣ ಬೀಜವನ್ನು ನನ್ನ ಹೊಲಿಗೆ ಮೆಷಿನ್ನಿನ ಮೇಲೆ ಎಸೆದು, "ಕಸಕ್ಕೆ ಹಾಕಮ್ಮ" ಅಂದೆ. ಹಾಕಿದೆ ಎಂದು ನಾನು ಹೇಳಿದೆ. ಹಾಕಿರಲಿಲ್ಲ. ಸಾಸಿವೆಯ ತಂಗಿಯಂಥ ಬೀಜ. ಒಂದು ಪೊಟ್ಟಣದ್ದು ಮಾಮೂಲಿ ಗಿಡದ್ದು, ಗುಂಡಗಿತ್ತು; ಇನ್ನೊಂದರದ್ದು ನೀನು ಬದಲಿಸಿದ ಗಿಡದ್ದು, ಸುಕ್ಕುಗಟ್ಟಿತ್ತು. ಸುಕ್ಕಿನವು ಮೊಳೆತರೂ ಮೇಲೇಳುವುದಿಲ್ಲ, ನಿನ್ನ ಅಜಾಗರೂಕತೆಯಿಂದಲೇ ಕೆಟ್ಟವು ಎಂದು ನಿಮ್ಮ ಗೈಡ್ ಮೇಡಂ ಎಲ್ಲರೆದುರು ಅಂದರೆಂದು ನೀನು ಅತ್ತಿದ್ದೆ.

ಅಳುತ್ತ ನೀನು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಕಿಣ್ವ ಅಂದರೆ ಗಿಡದೊಳಗಿನ ಆಳು. ಸಕ್ಕರೆಯನ್ನು ಎಣ್ಣೆ ಮಾಡುವ ಸಾಲಿನಿಂದ ಅಂಥ ಒಬ್ಬ ಆಳನ್ನು ನೀನು ಸಂಶೋಧನೆಗೆಂದು ಬೇಕೆಂದೇ ಕೆಲಸ ಬಿಡಿಸಿದ್ದೀಯ. ಆ ಎಣ್ಣೆಯೇ ಬೀಜದ ಬುತ್ತಿ, ಎಲೆ ಬಿಡುವವರೆಗೆ ಅದನ್ನೇ ತಿನ್ನಬೇಕು. ಹಾಗಾದರೆ ಇವು ಕೆಟ್ಟ ಬೀಜವಲ್ಲ, ಬುತ್ತಿಯಿಲ್ಲದೆ ಹೊರಟವು. ಹಸಿದವರನ್ನು ಕಸಕ್ಕೆ ಹಾಕಲು ನನಗೆ ಮನಸ್ಸು ಬರಲಿಲ್ಲ.

ಎರಡು ಮುಚ್ಚಳದಲ್ಲಿ ಒದ್ದೆ ಬಟ್ಟೆ ಹಾಸಿ ಸುಕ್ಕಿನ ಬೀಜ ಹಾಕಿದೆ. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಸಕ್ಕರೆ ನೀರು. ಮೊದಲ ಸಲ ಇರುವೆ ಮುತ್ತಿದವು, ಎರಡನೇ ಸಲ ಬೂಷ್ಟು ಹಿಡಿಯಿತು. ಆಮೇಲೆ ನೀರು, ಬಟ್ಟೆ ಎಲ್ಲ ಕುದಿಸಿ, ದಿನಾ ಬೆಳಿಗ್ಗೆ ಕೈಮುಗಿದು ಬದಲಿಸಿದೆ. ಸಕ್ಕರೆ ಕಾಯಿಲೆಯ ನಿಮ್ಮಪ್ಪ, "ನನ್ನ ಟೀಗೆ ಅರ್ಧ ಚಮಚ ಹಾಕಲ್ಲ, ಆ ಹುಲ್ಲಿಗೆ ಶರಬತ್ತು ಮಾಡ್ತೀಯ" ಅಂತ ಗೊಣಗಿದರು. "ಅದಕ್ಕೆ ನಿಮ್ಮಷ್ಟು ವಯಸ್ಸಾಗಿಲ್ಲ, ದಕ್ಕುತ್ತೆ" ಅಂದೆ.

ಬರೀ ನೀರಿನವು ಒಂದೂ ಉಳಿಯಲಿಲ್ಲ. ಸಕ್ಕರೆಯ ನಲವತ್ತರಲ್ಲಿ ಹನ್ನೊಂದು ಎದ್ದು ನಿಂತವು. ಹಸಿರಾದ ಮೇಲೆ ಮಣ್ಣಿಗಿಳಿಸಿದೆ. ಬಿಸಿಲು ಕುಡಿದು ತಾವೇ ಬೆಳೆದವು. ಪಕ್ಕದ ಕುಂಡದಲ್ಲಿ ಗುಂಡು ಬೀಜದವನ್ನೂ ಬೆಳೆಸಿದೆ. ಎರಡರಲ್ಲೂ ಈಗ ಕಾಯಿ ಒಣಗಿವೆ. ಯಾವ ದಿನ ಏನಾಯಿತೆಂದು ಗಿರಾಕಿಗಳ ಅಳತೆ ಪುಸ್ತಕದಲ್ಲೇ ಬರೆದಿದ್ದೇನೆ, ತೋಳು ಸೊಂಟಗಳ ನಡುವೆ. ನಗಬೇಡ.

ಬಿಡುವುದಾದರೆ ಬಿಡು, ಬೈಯುವುದಿಲ್ಲ. ನಿನ್ನ ಕೈಯೇ ಸರಿಯಿಲ್ಲ ಎಂದು ನಂಬಿಕೊಂಡು ಮಾತ್ರ ಬಿಡಬೇಡ.

ಭಗವಂತ ನಿನ್ನ ಜೊತೆಗಿರಲಿ.

ಸುಳ್ಳು ಹೇಳಿ ಸಿಕ್ಕಿಬಿದ್ದ,
ನಿನ್ನ ಅಮ್ಮ

ಮರೆತಿದ್ದೆ: ಈ ಹಾಳೆಯ ಕೆಳಗಿರುವ ಎಣ್ಣೆ ಕಲೆ ಅಡುಗೆಮನೆಯದ್ದಲ್ಲ. ಎರಡು ವೃತ್ತ ಬರೆದಿದ್ದೇನೆ, ನೋಡು. ಎಡಗಡೆ ಗುಂಡು ಬೀಜದ ಗಿಡದಿಂದ ಒಂದು ಚಿಟಿಕೆ ಹೊಸ ಬೀಜ ಇಟ್ಟು ಚಮಚದಿಂದ ಅರೆದೆ. ಬಲಗಡೆ ನಮ್ಮ ಹನ್ನೊಂದರ ಬೀಜ, ಅಷ್ಟೇ ಚಿಟಿಕೆ. ಕಿಟಕಿಗೆ ಹಿಡಿ. ಎಡಗಡೆ ಎಣ್ಣೆ ಕುಡಿದ ಕಾಗದದಿಂದ ಬೆಳಕು ತೂರಿ ಬರುತ್ತದೆ, ಬಲಗಡೆ ಹೆಚ್ಚುಕಡಿಮೆ ಏನೂ ಇಲ್ಲ. ಗಿಡವೇನೋ ಬದುಕಿತು, ಮಕ್ಕಳಿಗೆ ಬುತ್ತಿ ಕಟ್ಟುವ ಆಳು ಇನ್ನೂ ಇಲ್ಲ. ನೀನು ಹೇಳಿದ್ದೂ ಇದನ್ನೇ ಅಲ್ಲವಾ? ಸೋಮವಾರ ಅರ್ಜಿಯ ಬದಲು ಈ ಹಾಳೆ ತೆಗೆದುಕೊಂಡು ಹೋಗು. ಮೇಡಂ ಕೋಣೆಯಲ್ಲೂ ದೊಡ್ಡ ಕಿಟಕಿ ಇದೆ ಎಂದು ನೀನೇ ಅಂದಿದ್ದೆ.